ಕಾನೂನು ಸಲಹೆ: ಬಟ್ಟೆಯ ಮೇಲಿಂದ ಮುಟ್ಟಿದರೆ ಕೇಸಾಗದೇ?

ಪ್ರಶ್ನೆ: ಮಗಳಿಗೆ 17 ವರ್ಷ, ಶಿರಸಿಯಲ್ಲಿ ಪಿಯುಸಿ ಓದುತ್ತಾಳೆ. ಕುಮಟಾದಿಂದ ಬಸ್ಸಿನಲ್ಲಿ ಹೋಗುವಾಗ ದೇವಿಮನೆ ಘಟ್ಟದಲ್ಲಿ ಪಕ್ಕದ ಸೀಟಿನವನು ಮೈಮೇಲೆ ಕೈ ಹಾಕಿದ್ದಾನೆ. ಬಟ್ಟೆಯ ಮೇಲಿಂದ ಮುಟ್ಟಿದ್ದಕ್ಕೆ ಕೇಸು ನಿಲ್ಲುವುದಿಲ್ಲ, ಘಟ್ಟದಲ್ಲಿ ಆಗಿದ್ದಕ್ಕೆ ಯಾವ ಠಾಣೆಯೆಂದೂ ಗೊತ್ತಾಗುವುದಿಲ್ಲ ಎನ್ನುತ್ತಾರೆ ಮನೆಯವರು. ಹೌದೇ?
– ಓದುಗರೊಬ್ಬರು, ಕುಮಟಾ ತಾಲೂಕು

ಉತ್ತರ: ಎರಡೂ ತಪ್ಪು. 18 ತುಂಬದವರಿಗೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಲೈಂಗಿಕ ಉದ್ದೇಶದಿಂದ ಮುಟ್ಟುವುದು 7ನೇ ಕಲಂ ಪ್ರಕಾರ ಲೈಂಗಿಕ ಹಲ್ಲೆ. 8ನೇ ಕಲಂನಲ್ಲಿ ಕನಿಷ್ಠ 3, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಚರ್ಮಕ್ಕೆ ಚರ್ಮ ತಾಗಿರಬೇಕು ಎಂದಿದ್ದ ಬಾಂಬೆ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲೇ ರದ್ದು ಮಾಡಿದೆ. ತೀರ್ಪು ಹೋದರೂ ಮಾತು ಉಳಿದುಕೊಂಡಿದೆ, ಅಷ್ಟೆ. ಮುಟ್ಟಿದವನು ಮಗು ಓದುವ ಶಾಲೆ-ಕಾಲೇಜಿನ ಸಿಬ್ಬಂದಿಯಾಗಿದ್ದರೆ, ಅಥವಾ ಮಗುವಿಗೆ 12 ತುಂಬಿರದಿದ್ದರೆ ಶಿಕ್ಷೆ 5ರಿಂದ 7 ವರ್ಷ.

ದೂರನ್ನು ಹತ್ತಿರದ ಯಾವ ಠಾಣೆಯಲ್ಲಾದರೂ ಕೊಡಿ. ಎಲ್ಲಿ ನಡೆದಿದ್ದರೂ ‘ಝೀರೊ ಎಫ್‌ಐಆರ್’ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ. ಎಫ್‌ಐಆರ್ ಪ್ರತಿ ನಿಮಗೆ ಉಚಿತ. ದಾಖಲಿಸಲು ಒಪ್ಪದಿದ್ದರೆ ಕಾರವಾರದ ಎಸ್‌ಪಿಗೆ ಅಂಚೆಯಲ್ಲಿ ಲಿಖಿತ ದೂರು ಕಳಿಸಿ.

ಪ್ರಕರಣ ಸಡಿಲಾಗುವುದು ಹೆಚ್ಚಾಗಿ ದೂರಿನ ಭಾಷೆಯಲ್ಲಿ. ಮರ್ಯಾದೆಗೆ ಅಂಜಿ ‘ಚುಡಾಯಿಸಿದ’, ‘ಅಸಭ್ಯವಾಗಿ ವರ್ತಿಸಿದ’ ಎಂದು ಬರೆಸಿದರೆ ಸ್ಪರ್ಶವೇ ಕಾಗದದಲ್ಲಿ ಇರುವುದಿಲ್ಲ. ಆಗ ಮಾತು, ಸನ್ನೆಗಳ ಕಲಂಗೆ ಇಳಿದುಬಿಡುತ್ತದೆ. ಮೈಯ ಯಾವ ಭಾಗ, ಎಷ್ಟು ಸಲ, ಅವಳು ಸರಿದು ಕುಳಿತ ಮೇಲೂ ಮುಂದುವರಿಸಿದನೇ – ಇಷ್ಟನ್ನೂ ಮಗಳ ಮಾತಿನಲ್ಲೇ ಬರೆಸಿ. ತಡವಾಗಿದ್ದರೆ ಕಾರಣವನ್ನೂ ಬರೆಸಿ, ಮುಚ್ಚಿಡಬೇಡಿ.

ಟಿಕೆಟ್ಟಿನ ಫೋಟೊ ಇವತ್ತೇ ತೆಗೆಯಿರಿ. ಯಂತ್ರದ ಟಿಕೆಟ್ಟಿನ ಅಕ್ಷರ ಬೇಗ ಮಾಸುತ್ತದೆ. ಬಸ್‌ಸ್ಟ್ಯಾಂಡಿನ ಸಿಸಿಟಿವಿ ದೃಶ್ಯವೂ ಅಳಿಯುವ ಮೊದಲೇ ತೆಗೆದಿಡುವಂತೆ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಸಾಕು.

ಮಗಳು ಠಾಣೆಗೆ ಹೋಗಲೇಬೇಕೆಂದಿಲ್ಲ. ಮನೆಯಲ್ಲೇ, ನಿಮ್ಮ ಎದುರೇ ಹೇಳಿಕೆ ಪಡೆಯಬಹುದು. ಬರುವ ಪೊಲೀಸರು ಸಮವಸ್ತ್ರದಲ್ಲಿ ಇರಕೂಡದು.

ಪ್ರಶ್ನೆ: ನನಗೆ 22. ಬೇಡವೆಂದರೂ ಒಬ್ಬ ಅಂಕೋಲಾ ಪೇಟೆಯಲ್ಲಿ ಹಿಂಬಾಲಿಸುತ್ತಾನೆ, ವಾಟ್ಸ್‌ಆ್ಯಪ್‌ನಲ್ಲೂ ಬಿಡುವುದಿಲ್ಲ. ಮುಟ್ಟಿಲ್ಲ.

ಉತ್ತರ: ಮುಟ್ಟಿರಬೇಕಿಲ್ಲ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದಕ್ಕೇ ಇರುವುದು: ಮೊದಲ ಸಲ 3 ವರ್ಷದವರೆಗೆ, ಜಾಮೀನು ಸಿಗುತ್ತದೆ; ಒಮ್ಮೆ ಶಿಕ್ಷೆಯಾದವನು ಮತ್ತೆ ಮಾಡಿದರೆ 5 ವರ್ಷದವರೆಗೆ, ಜಾಮೀನು ಹಕ್ಕಲ್ಲ. ಬ್ಲಾಕ್ ಮಾಡುವ ಮೊದಲು ನಂಬರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೂಲ ಚಾಟ್ ಅಳಿಸಬೇಡಿ, ಫೋನನ್ನೂ ಬದಲಿಸಬೇಡಿ.