ಅಮ್ಮನಿಗೆ ಅಸಿಟ್ರೋಮ್ ಬಿಡಿಸಿ, ಐಎನ್‌ಆರ್ ಟೆಸ್ಟ್ ಬೇಡದ ಹೊಸ ಮಾತ್ರೆ ಶುರು ಮಾಡಬಹುದಾ?

ನಿಮ್ಮ ತಾಯಿಗೆ ರುಮ್ಯಾಟಿಕ್ ವಾಲ್ವ್ ತೊಂದರೆ, ಎದೆಬಡಿತ ಏರುಪೇರು, ರಕ್ತ ಹೆಪ್ಪುಗಟ್ಟದಂತೆ ತಡೆಯೋಕೆ ಅಸಿಟ್ರೋಮ್ ಮಾತ್ರೆ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ನೋಡೋ ಐಎನ್‌ಆರ್ ಟೆಸ್ಟಿಗೆ ತಿಂಗಳು ತಿಂಗಳು ಅಲೆದಾಟ, ಸೊಪ್ಪು ತಿನ್ನೋದನ್ನೇ ಬಿಟ್ಟಿದ್ದಾರೆ. ನೀವು ಯಾವುದೋ ಸ್ಟಡಿ ಓದಿ, ಹೊಸ ಮಾತ್ರೆಗಳಲ್ಲಿ ರಿವರಾಕ್ಸಬಾನ್ ಒಳ್ಳೆಯದಾ ಅಪಿಕ್ಸಬಾನ್ ಒಳ್ಳೆಯದಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಡಾಕ್ಟರಲ್ಲ, ಲೆಕ್ಕಪತ್ರ ನೋಡೋ ಕೆಲಸ ನನ್ನದು. ಆದರೆ 2021ರಲ್ಲಿ ಇದೇ ಪ್ರಶ್ನೆಯನ್ನು ನಾನೂ ಕೇಳಿದ್ದೆ, ನನಗೆ ಬೇಕಾದ ಉತ್ತರ ಸಿಗೋವರೆಗೂ ಒಬ್ಬರಾದ ಮೇಲೆ ಒಬ್ಬರನ್ನು ಕೇಳುತ್ತಲೇ ಹೋದೆ.

ನಮ್ಮಮ್ಮ ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಅಕ್ಕನ ಜೊತೆ ಇರೋದು. ಚಿಕ್ಕವಳಿದ್ದಾಗ ಗಂಟಲುನೋವು, ಜ್ವರ ಬಂದು ಮಂಡಿ ಊದಿಕೊಂಡಿತ್ತಂತೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ರುಮ್ಯಾಟಿಕ್ ಜ್ವರ ವಾಲ್ವನ್ನು ತಿಂದಿದೆ ಅಂತ ಗೊತ್ತಾಗಿದ್ದು ಮಕ್ಕಳಾದ ಮೇಲೆ, ಮೆಟ್ಟಿಲು ಹತ್ತಿದರೆ ಏದುಸಿರು ಬರೋಕೆ ಶುರುವಾದಾಗ. ಬೆಂಗಳೂರಲ್ಲಿ ಬಲೂನ್ ಹಾಕಿ ವಾಲ್ವ್ ಅಗಲ ಮಾಡಿದರು. ತೊಡೆ ಹತ್ತಿರ ಒಂದು ಸಣ್ಣ ತೂತು ಅಷ್ಟೇ, ಎದೆ ಕೊಯ್ಯಲಿಲ್ಲ. ಊರಿಗೆ ಬಂದು ಮತ್ತೆ ಎಮ್ಮೆ ಕಟ್ಟೋಕೆ ನಿಂತಳು. ಆಮೇಲೆ ವರ್ಷಗಳು ಕಳೆದು ಎದೆಬಡಿತ ತಾಳ ತಪ್ಪಿತು, ಏಟ್ರಿಯಲ್ ಫಿಬ್ರಿಲೇಶನ್ ಅಂದರು, ಅಸಿಟ್ರೋಮ್ ಶುರುವಾಯಿತು. ಅಲ್ಲಿಂದ ಐಎನ್‌ಆರ್ ಕಾಟ. ಒಂದು ಸಲ 1.4, ಮುಂದಿನ ಸಲ 4.2. ಇರಬೇಕಾದ್ದು 2ರಿಂದ 3. ಪ್ರತಿ ಸಲವೂ ಅಕ್ಕ ಅಮ್ಮನನ್ನು ಬಸ್ಸು ಹತ್ತಿಸಿಕೊಂಡು ಹೋಗಿ, ರಕ್ತ ಕೊಟ್ಟು, ಸಂಜೆ ರಿಪೋರ್ಟ್ ಫೋಟೋ ಕಳಿಸೋದು, ನಾನು ಇಲ್ಲಿಂದ ಡಾಕ್ಟ್ರಿಗೆ ಫೋನ್ ಮಾಡೋದು. ಅಕ್ಕನಿಗೆ ಸಾಕಾಗಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ.

ಆಗ ನಾನು ಸ್ಟಡಿ ಓದೋಕೆ ಶುರು ಮಾಡಿದೆ. 2009ರಲ್ಲಿ ಡಬಿಗಟ್ರಾನ್ ಅನ್ನೋ ಇನ್ನೊಂದು ಹೊಸ ಮಾತ್ರೆ ಮೇಲೆ ಆದ ರಿ-ಲೈ, 18,113 ಜನ. 2011ರಲ್ಲಿ ರಿವರಾಕ್ಸಬಾನ್ ಮೇಲೆ ರಾಕೆಟ್-ಎಎಫ್, 14,264 ಜನ. ಅದೇ ವರ್ಷ ಅಪಿಕ್ಸಬಾನ್ ಮೇಲೆ ಅರಿಸ್ಟಾಟಲ್, 18,201 ಜನ. ಹೋಲಿಸಿದ್ದು ಹಳೇ ವಾರ್ಫರಿನ್ ಜೊತೆ, ಅಂದರೆ ನಮ್ಮ ಅಸಿಟ್ರೋಮ್‌ನ ಅಣ್ಣನ ಜೊತೆ. ಹೊಸ ಮಾತ್ರೆಗಳು ವಾರ್ಫರಿನ್‌ಗಿಂತ ಕಡಿಮೆ ಇಲ್ಲ, ತಲೆಯೊಳಗಿನ ರಕ್ತಸ್ರಾವವಂತೂ ಸ್ಪಷ್ಟವಾಗಿ ಕಡಿಮೆ. ಟೆಸ್ಟ್ ಬೇಡ, ಪಥ್ಯ ಬೇಡ. ಐವತ್ತು ಸಾವಿರ ಜನರ ಮೇಲೆ ನೋಡಿ ಆಗಿದೆ, ಇನ್ನೇನು ಬೇಕು ಅಂದುಕೊಂಡೆ. ಅಮ್ಮನನ್ನು ಮೊದಲಿಂದ ನೋಡುತ್ತಿದ್ದ ಡಾಕ್ಟ್ರು "ಇವರಿಗೆ ಅದು ಆಗಲ್ಲ" ಅಂದರು, ಕಾರಣ ಬಿಡಿಸಿ ಹೇಳೋಷ್ಟು ಪುರುಸೊತ್ತು ಅವರಿಗಿರಲಿಲ್ಲ. ಹಳೇ ಕಾಲದವರು ಅಂತ ಇನ್ನೊಬ್ಬರ ಹತ್ತಿರ ಹೋದೆ.

ನಾನು ಮಾಡಿದ ತಪ್ಪು ಇಲ್ಲಿದೆ, ದಯವಿಟ್ಟು ನಿಧಾನವಾಗಿ ಓದಿ. ಹೊಸ ಡಾಕ್ಟ್ರ ಹತ್ತಿರ ನಾನು ಒಂದು ತೆಳ್ಳಗಿನ ಪ್ಲಾಸ್ಟಿಕ್ ಕವರ್ ಹಿಡಿದು ಹೋಗಿದ್ದೆ. ಒಳಗೆ ಇತ್ತೀಚಿನ ಇಸಿಜಿ, ನಾಲ್ಕಾರು ಐಎನ್‌ಆರ್ ಚೀಟಿ, ಸ್ಟಡಿಯ ಸಾರಾಂಶದ ಪ್ರಿಂಟ್. ದಪ್ಪ ಫೈಲು ಊರಲ್ಲಿ ಬೀರುವಿನ ಮೇಲಿತ್ತು. ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು: "ವಾಲ್ವ್ ತೊಂದರೆ ಏನಾದರೂ ಇದೆಯಾ?" ನಾನು ಹೇಳಿದೆ, "ಇತ್ತು ಸಾರ್, ಬಲೂನ್ ಆಯ್ತು, ಈಗ ಸರಿಹೋಗಿದೆ." ಎಕೋ, ಅಂದರೆ ಹೃದಯದ ಸ್ಕ್ಯಾನ್, ಒಂದು ಮಾಡಿಸಿಕೊಂಡು ಬನ್ನಿ ಅಂದರು. ರೈಲಿಗೆ ಹೊತ್ತಾಗಿತ್ತು, ಆಮೇಲೆ ಮಾಡಿಸೋಣ ಅಂದೆ. ಮಾತ್ರೆ ಬರೆದುಕೊಟ್ಟರು. ಅಮ್ಮ ಅಲ್ಲೇ ಕೂತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ "ಇನ್ನೂ ದಮ್ಮು ಬರ್ತದಪ್ಪ" ಅಂತಿದ್ದಳೇನೋ.

ಬಲೂನ್ ಆದರೆ ವಾಲ್ವ್ ಸರಿಹೋಗುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನೋದೂ ಗೊತ್ತಿರಲಿಲ್ಲ. ಮೈಟ್ರಲ್ ಅನ್ನೋ ಆ ವಾಲ್ವ್‌ನ ಬಾಯಿ ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂಟಿಮೀಟರ್ ತೆರೆಯುತ್ತದೆ. ರುಮ್ಯಾಟಿಕ್ ಜ್ವರದ ನಂತರ ಅದರ ಎರಡು ಎಸಳು ಅಂಚಿನಲ್ಲಿ ಅಂಟಿಕೊಂಡು, ದಪ್ಪವಾಗಿ, ಬಾಯಿ 1 ಚದರ ಸೆಂಟಿಮೀಟರಿಗೂ ಇಳಿಯಬಹುದು. ಬಲೂನ್ ಆ ಅಂಟನ್ನು ಬಿಡಿಸುತ್ತದೆ. ಎಸಳಿನ ದಪ್ಪ ಹಾಗೇ ಇರುತ್ತದೆ, ವರ್ಷಗಳು ಕಳೆದಂತೆ ಮತ್ತೆ ಅಂಟಬಹುದು. ಅದರ ಹಿಂದಿನ ಎಡ ಹೃತ್ಕರ್ಣ, ಅಂದರೆ ಹೃದಯದ ಮೇಲಿನ ಎಡ ಕೋಣೆಯಂತೂ ಅಷ್ಟು ವರ್ಷ ಒತ್ತಡ ತಿಂದು ಹಿಗ್ಗಿದ್ದು ಪೂರ್ತಿ ಕುಗ್ಗಿ ಮೊದಲಿನಂತಾಗುವುದು ಕಷ್ಟ. ಕೆರೆ ತೂಬು ಅರ್ಧ ಮುಚ್ಚಿದರೆ ಹಿಂದೆ ನೀರು ನಿಂತು ಪಾಚಿಗಟ್ಟುತ್ತದಲ್ಲ, ಹಾಗೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಹೊರಟರೆ ನೇರ ಮೆದುಳಿಗೆ ಹೋಗಬಹುದು.

ನಾನು ಪ್ರಿಂಟ್ ತೆಗೆದ ಸ್ಟಡಿಗಳಲ್ಲಿ ಇಂಥವರು ಇರಲೇ ಇಲ್ಲ. ವಾಲ್ವ್ ಜಾಸ್ತಿ ಕಿರಿದಾದವರನ್ನು ಆ ಮೂರೂ ಸ್ಟಡಿಯಲ್ಲಿ ಮೊದಲೇ ಹೊರಗಿಟ್ಟಿದ್ದರು. ರಾಕೆಟ್‌ನ ತಲೆಬರಹದಲ್ಲೇ ಅದು ವಾಲ್ವ್ ತೊಂದರೆ ಇಲ್ಲದವರ ಫಿಬ್ರಿಲೇಶನ್ ಬಗ್ಗೆ ಅಂತ ಬರೆದಿದೆ. ನಾನು ಅದನ್ನು ಓದಿಯೂ ಇದ್ದೆ. ಬಲೂನ್ ಆಗಿದೆಯಲ್ಲ, ಅಮ್ಮನೂ ಆ ಗುಂಪಿಗೇ ಸೇರಿದಳು ಅಂತ ನಾನೇ ಸೇರಿಸಿಬಿಟ್ಟೆ. ರಿ-ಲೈನಲ್ಲಿ ಇದ್ದವರ ಸರಾಸರಿ ವಯಸ್ಸು 71. ಬಿಪಿ, ಶುಗರ್, ವಯಸ್ಸಿನಿಂದ ಎದೆಬಡಿತ ತಪ್ಪಿದವರೇ ಜಾಸ್ತಿ. ಚಿಕ್ಕಂದಿನಲ್ಲೇ ವಾಲ್ವ್ ಕೆಟ್ಟ ಹಳ್ಳಿ ಹೆಂಗಸರ ಕಾಯಿಲೆಯೇ ಬೇರೆ.

ಮಾತ್ರೆ ಬದಲಾಗಿ ಕೆಲವು ತಿಂಗಳಿಗೆ, ಬೆಳಗ್ಗೆ ಅಕ್ಕಿ ಕೇರುತ್ತಿದ್ದಾಗ ಅಮ್ಮನ ಬಲಗೈಯಿಂದ ಮೊರ ಜಾರಿತು. ಅಕ್ಕ ಬೈದಳು, ಏನಮ್ಮಾ ಚೆಲ್ಲಿದೆ ಅಂತ. ಅಮ್ಮ ಏನೋ ಹೇಳೋಕೆ ಹೋದಳು, ಮಾತು ಹೊರಡಲಿಲ್ಲ, ಬರೀ "ತಾ ತಾ" ಅನ್ನುತ್ತಿದ್ದಳು. ಎಡಗೈಯಲ್ಲಿ ಬಿದ್ದ ಅಕ್ಕಿಯನ್ನು ಗುಡ್ಡೆ ಮಾಡುತ್ತಲೇ ಇದ್ದಳಂತೆ. ಆಸ್ಪತ್ರೆಯಲ್ಲಿ ನರರೋಗದ ಡಾಕ್ಟ್ರು ಮೊದಲು ಕೇಳಿದ್ದೇ ಹಳೇ ಫೈಲು. ಭಾವ ಊರಿಂದ ತಂದರು. ಹಿಂದಿನ ವರ್ಷದ ಎಕೋ ಅದರಲ್ಲೇ ಇತ್ತು: ವಾಲ್ವ್ ಬಾಯಿ 1.3 ಚದರ ಸೆಂಟಿಮೀಟರ್. ಅದನ್ನು ತೆರೆದು ನನ್ನ ಮುಂದೆ ಹಿಡಿದು, "ಇದು ಸರಿಹೋಗಿರೋ ವಾಲ್ವಾ?" ಅಂದರು. ಅಸಿಟ್ರೋಮ್ ಮೇಲೇ ಇದ್ದಿದ್ದರೆ ಆಗುತ್ತಿರಲಿಲ್ಲ ಅಂತ ಒಬ್ಬರ ವಿಷಯದಲ್ಲಿ ಯಾರೂ ಹೇಳೋಕಾಗಲ್ಲ. ಆದರೂ ನನ್ನ ಮನಸ್ಸು ಅದನ್ನು ಒಪ್ಪೋದಿಲ್ಲ. ಮಾತು ಮುಕ್ಕಾಲು ಬಂದಿದೆ. ಬೆರಳು ಇನ್ನೂ ಸರಿಯಾಗಿ ಮಡಚೋದಿಲ್ಲ.

ಇನ್ನು ನೀವು ಓದಲೇಬೇಕಾದ ಸ್ಟಡಿ. ಹೆಸರು ಇನ್‌ವಿಕ್ಟಸ್, ಬಂದಿದ್ದು 2022ರ ಆಗಸ್ಟ್‌ನಲ್ಲಿ. ಕೆನಡಾದ ಹ್ಯಾಮಿಲ್ಟನ್‌ನ ತಂಡ ನಡೆಸಿದ್ದು, ಮುಂದಾಳುಗಳಲ್ಲಿ ದೆಹಲಿ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್ ಇದ್ದರು. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ 24 ದೇಶ, ಕೊನೆಯ ಲೆಕ್ಕಕ್ಕೆ ಸಿಕ್ಕವರು 4,531 ಜನ. ಎಲ್ಲರಿಗೂ ರುಮ್ಯಾಟಿಕ್ ಹೃದಯ ಕಾಯಿಲೆ ಮತ್ತು ಫಿಬ್ರಿಲೇಶನ್. ಸರಾಸರಿ ವಯಸ್ಸು 50ರ ಆಸುಪಾಸು, ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು. ಓದಿದಾಗ ನಮ್ಮೂರಿನ ಜನರನ್ನೇ ಕೂರಿಸಿ ಮಾಡಿದ ಹಾಗಿತ್ತು. ಅರ್ಧ ಜನಕ್ಕೆ ರಿವರಾಕ್ಸಬಾನ್, ಇನ್ನರ್ಧಕ್ಕೆ ವಾರ್ಫರಿನ್ ಜಾತಿಯ ಹಳೇ ಮಾತ್ರೆ. ಹೊಸದು ಹಳೆಯದಕ್ಕಿಂತ ಕಡಿಮೆಯೇನಲ್ಲ ಅಂತ ತೋರಿಸೋಕೆ ಹೊರಟಿದ್ದರು. ಬಂದ ಫಲ ಉಲ್ಟಾ. ರಿವರಾಕ್ಸಬಾನ್ ಕಡೆ 552 ಸಾವು, ಹಳೇ ಮಾತ್ರೆ ಕಡೆ 442. ಲಕ್ವವೂ ಹಳೇ ಕಡೆಯೇ ಕಡಿಮೆ. ದೊಡ್ಡ ರಕ್ತಸ್ರಾವ ಹಳೇ ಮಾತ್ರೆಯಲ್ಲಿ ಹೇಳಿಕೊಳ್ಳುವಷ್ಟು ಜಾಸ್ತಿಯೂ ಆಗಲಿಲ್ಲ. ಅವರಲ್ಲೂ ಐಎನ್‌ಆರ್ ಏನು ಗೆರೆ ಕೊರೆದಂತೆ ಇರಲಿಲ್ಲ, ನಮ್ಮ ಹಾಗೇ ಅತ್ತಿತ್ತ ಹೋಗುತ್ತಿತ್ತು. ಆದರೂ ಗೆದ್ದಿದ್ದು ಅದೇ. ಯಾಕೆ ಅನ್ನೋದು ಪೂರ್ತಿ ಬಗೆಹರಿದಿಲ್ಲ. ಟೆಸ್ಟಿಗೆ ಅಂತ ತಿಂಗಳಿಗೊಮ್ಮೆ ಬಂದವರನ್ನು ಡಾಕ್ಟ್ರು ನೋಡುತ್ತಿದ್ದರು, ಅದರಿಂದಲೂ ಸ್ವಲ್ಪ ಲಾಭ ಆಗಿರಬಹುದು ಅನ್ನೋರಿದ್ದಾರೆ. ನನಗೆ ಆ ಮಾತು ನಿಜ ಅನ್ನಿಸುತ್ತದೆ, ಯಾಕಂದರೆ ಹೊಸ ಮಾತ್ರೆ ಶುರುವಾದ ಮೇಲೆ ನಾವು ಡಾಕ್ಟ್ರ ಮುಖವನ್ನೇ ನೋಡಿರಲಿಲ್ಲ.

ಯಾರಾದರೂ "ರಿವರಾಕ್ಸಬಾನ್ ಸೋತರೇನು, ಬೇರೆ ಹೊಸದು ನಡೆಯುತ್ತದೆ" ಅಂದರೆ, ಲೋಹದ ವಾಲ್ವ್ ಹಾಕಿಸಿಕೊಂಡವರ ಕಥೆ ಕೇಳಿ. ಅವರಲ್ಲಿ ಡಬಿಗಟ್ರಾನ್ ಪರೀಕ್ಷಿಸಿದ ರಿ-ಅಲೈನ್, 252 ಜನ, 2013ರಲ್ಲಿ ಪ್ರಕಟವಾಯಿತು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಅಂತ ಮಧ್ಯದಲ್ಲೇ ನಿಲ್ಲಿಸಿದರು. ವಾಲ್ವ್ ಸರಿ ಇದ್ದರೂ ವಯಸ್ಸಾದವರಿಗೆ ಸುಮ್ನೆ ಬದಲಾಯಿಸೋದು ಸಲೀಸಲ್ಲ. 2023ರಲ್ಲಿ ನೆದರ್ಲೆಂಡ್ಸ್‌ನ ಫ್ರೇಲ್-ಎಎಫ್ ಬಂತು, 75 ದಾಟಿದ, ಮೈಯಲ್ಲಿ ಬಲವಿಲ್ಲದ 1,330 ಜನ. ಅಲ್ಲಿಯೂ ಹಳೇ ಮಾತ್ರೆ ಅಂದರೆ ಹೆಚ್ಚಾಗಿ ಅಸಿಟ್ರೋಮ್‌ನಲ್ಲಿರೋ ಔಷಧಿಯೇ. ಹಳೆಯದರಲ್ಲೇ ಮುಂದುವರಿದವರಲ್ಲಿ ನೂರಕ್ಕೆ 9.4 ಜನರಿಗೆ ರಕ್ತಸ್ರಾವ, ಹೊಸದಕ್ಕೆ ಹೋದವರಲ್ಲಿ 15.3. ಹೊಸದು ಅಂದರೆ ಒಳ್ಳೆಯದು ಅಂತ ನಾವು ನಂಬೋದೇ ಹೀಗೆ. ಕೋವಿಡ್ ಎರಡನೇ ಅಲೆಯಲ್ಲಿ ಸೋದರಮಾವನಿಗೆ ಪ್ಲಾಸ್ಮಾ ಬೇಕು ಅಂತ ಊರೆಲ್ಲ ಫೋನ್ ಮಾಡಿದ್ದೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ಜನರ ಮೇಲೆ ನೋಡಿ, ಅದರಿಂದ ಸಾವೇನೂ ಕಡಿಮೆಯಾಗಲ್ಲ ಅಂತ 2020ರಲ್ಲೇ ಹೇಳಿತ್ತು. ನಾನು ಹುಡುಕಿದ್ದು 2021ರಲ್ಲಿ!

ಹಾಗಾಗಿ ಯಾವ ಮಾತ್ರೆ ಅನ್ನೋ ಪ್ರಶ್ನೆ ಬಿಟ್ಟು, ಐಎನ್‌ಆರ್ ಯಾಕೆ ಕುಣಿಯುತ್ತಿದೆ ಅಂತ ನೋಡಿ. ನಮ್ಮ ಮನೆಯಲ್ಲಿ ಮೊದಲನೇ ಕಾರಣ ಲ್ಯಾಬು. ಹತ್ತಿರ ಯಾವುದು ತೆರೆದಿರುತ್ತೋ ಅಲ್ಲಿಗೆ ಹೋಗುತ್ತಿದ್ದೆವು. ಒಂದೊಂದು ಲ್ಯಾಬಿನ ರಾಸಾಯನಿಕ ಒಂದೊಂದು ತರ ಇರುತ್ತದೆ, ಆ ವ್ಯತ್ಯಾಸ ಸರಿದೂಗಿಸೋಕೇ ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಐಎನ್‌ಆರ್ ಲೆಕ್ಕ ತಂದಿದ್ದು. ಅದರಿಂದ ವ್ಯತ್ಯಾಸ ಕಡಿಮೆಯಾಯಿತು, ಹೋಗಲಿಲ್ಲ. ಒಂದೇ ಲ್ಯಾಬ್ ಹಿಡಿದುಕೊಳ್ಳಿ. ರಕ್ತ ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡಿ: ನೀಲಿ ಮುಚ್ಚಳದ ಟ್ಯೂಬು, ಅದರಲ್ಲಿ ಮೊದಲೇ ಸಿಟ್ರೇಟ್ ದ್ರವ ಇರುತ್ತದೆ, ಒಂದು ಪಾಲು ದ್ರವಕ್ಕೆ ಒಂಬತ್ತು ಪಾಲು ರಕ್ತ. ಗೆರೆವರೆಗೆ ತುಂಬಬೇಕು. ನರ ಸಿಗಲಿಲ್ಲ ಅಂತ ಅರ್ಧ ತುಂಬಿ ಕಳಿಸಿದರೆ ಐಎನ್‌ಆರ್ ಇರೋದಕ್ಕಿಂತ ಜಾಸ್ತಿ ತೋರಿಸುತ್ತದೆ. ಆಮೇಲೆ ಡಾಕ್ಟ್ರು ಮಾತ್ರೆ ಇಳಿಸುತ್ತಾರೆ, ಮುಂದಿನ ಸಲ 1.4 ಬರುತ್ತದೆ. ನಮ್ಮ ಆ 4.2 ಹೀಗೇ ಬಂದಿದ್ದು ಅಂತ ಅಕ್ಕನ ಅನುಮಾನ.

ಸೊಪ್ಪು ಬಿಡಿಸಬೇಡಿ ಮಾರಾಯ್ರೇ. ಸೊಪ್ಪಿನಲ್ಲಿರೋ ವಿಟಮಿನ್ ಕೆ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ, ನಿಜ. ಅದಕ್ಕೆ ಮಾಡಬೇಕಾದ್ದು ಪ್ರತಿ ವಾರ ಹೆಚ್ಚುಕಮ್ಮಿ ಒಂದೇ ಅಳತೆ ತಿನ್ನೋದು. ನಾಲ್ಕು ವಾರ ಬಿಟ್ಟು, ಆಸೆಯಾಯಿತು ಅಂತ ಮೂರು ದಿನ ಬಸ್ಸಾರು ಉಂಡರೆ ಲೆಕ್ಕ ತಪ್ಪುತ್ತದೆ. ಅಮ್ಮ ಈಗ ಮತ್ತೆ ಅಸಿಟ್ರೋಮ್ ಮೇಲಿದ್ದಾಳೆ, ವಾರಕ್ಕೆರಡು ಸಲ ಸೊಪ್ಪು ತಿನ್ನುತ್ತಾಳೆ, ಡಾಕ್ಟ್ರು ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸಿದ್ದಾರೆ. ಸೊಪ್ಪಿಗಿಂತ ಹಲ್ಲಿನ ಡಾಕ್ಟ್ರಿಗೆ ಹೆದರಿ. ಹಲ್ಲುನೋವಿಗೆ ಬರೆಯೋ ಮೆಟ್ರೋನಿಡಜೋಲ್ ಐಎನ್‌ಆರ್ ಅನ್ನು ಮೇಲಕ್ಕೆ ಎಳೆದುಬಿಡುತ್ತದೆ, ಡೈಕ್ಲೋಫೆನಾಕ್ ರಕ್ತಸ್ರಾವದ ಅಪಾಯ ಜಾಸ್ತಿ ಮಾಡುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ನೋವಿನ ಮಾತ್ರೆ ನುಂಗೋದೂ ಅದೇ ಕಥೆ. ಯಾರ ಹತ್ತಿರ ಹೋದರೂ ಅಸಿಟ್ರೋಮ್ ಅಂತ ಮೊದಲೇ ಹೇಳಲಿ. ಮಾತ್ರೆ ಸಂಜೆ ಒಂದೇ ಹೊತ್ತಿಗೆ, ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಮರೆತರೆ ಮರುದಿನ ಎರಡು ನುಂಗೋದು ಬೇಡ.

ಅಲೆದಾಟವೇ ದೊಡ್ಡ ಸಮಸ್ಯೆ ಅಂದಿರಲ್ಲ, ಬೆರಳು ಚುಚ್ಚಿ ಮನೆಯಲ್ಲೇ ಐಎನ್‌ಆರ್ ನೋಡೋ ಮೆಷಿನ್ ಸಿಗುತ್ತದೆ, ಶುಗರ್ ಮೆಷಿನ್ ತರ. ಸ್ಟ್ರಿಪ್ ಅಗ್ಗವಲ್ಲ. ಮೊದಲ ಸಲ ಲ್ಯಾಬ್ ರಿಪೋರ್ಟ್ ಜೊತೆ ಇಟ್ಟು ತಾಳೆ ನೋಡಿ, ಆಮೇಲೂ ಆಗಾಗ ನೋಡುತ್ತಿರಿ. ನಾವು ತಗೊಂಡೆವು, ಅಕ್ಕ ಬಸ್ಸು ಹತ್ತೋದು ತಪ್ಪಿತು. ಡಾಕ್ಟ್ರ ಹತ್ತಿರ ಹೋಗೋದು ಮಾತ್ರ ತಪ್ಪಿಸಿಲ್ಲ. ನಿಮ್ಮ ತಾಯಿಯ ಎಕೋ ಯಾವಾಗ ಆಗಿದ್ದು, ವಾಲ್ವ್ ಬಾಯಿ ಎಷ್ಟು ಅಂತ ನೀವು ಬರೆದಿಲ್ಲ. ಗೊತ್ತಿಲ್ಲದಿದ್ದರೆ ಈ ವಾರವೇ ಫೈಲು ಇಳಿಸಿ ನೋಡಿ, ಡಾಕ್ಟ್ರ ಹತ್ತಿರ ಹೋಗುವಾಗ ದಪ್ಪ ಫೈಲನ್ನೇ ತಗೊಂಡು ಹೋಗಿ.