ಎಲೆ ತುಂಬಿದೆ, ಹೂವೇ ಇಲ್ಲ: ಮಲ್ಲಿಗೆಗೆ ಬೇಕಿರುವುದು ಕತ್ತರಿ

ಪ್ರಶ್ನೆ: ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಮೂರು ವರ್ಷದ ಹಿಂದೆ ಕುಂಡದಲ್ಲಿ ದುಂಡು ಮಲ್ಲಿಗೆ ಹಚ್ಚಿದೆ. ಈಗ ಬಾಲ್ಕನಿ ಗ್ರಿಲ್ ತುಂಬಾ ಹಬ್ಬಿದೆ. ದಿನಾ ಎರಡು ಹೊತ್ತು ನೀರು ಹಾಕುತ್ತೇನೆ. ನಮ್ಮ ಯಜಮಾನರು ಗದ್ದೆಗೆ ತಂದ ಯೂರಿಯಾದಲ್ಲೇ ಆಗಾಗ ಒಂದು ಹಿಡಿ ತಂದು ಹಾಕುತ್ತಾರೆ. ಎಲೆ ನೋಡಿದರೆ ಕಣ್ಣು ತಂಪಾಗುತ್ತೆ. ಹೂ ಮಾತ್ರ ಎಣಿಸಿ ನಾಲ್ಕು. ಯುಗಾದಿಗೆ ದೇವರಿಗಾದರೂ ಒಂದು ಮೊಳ ಆಗಬೇಕಲ್ವಾ ಮೇಡಂ?

ಉತ್ತರ: ಶಿವರಾತ್ರಿ ಕಳೆದ ಮೇಲೆ ಪ್ರತಿ ವರ್ಷ ಈ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮ ಗಿಡಕ್ಕೆ ಯಾವ ರೋಗವೂ ಇಲ್ಲ. ಅದು ಬಹಳ ಸುಖವಾಗಿದೆ, ತೊಂದರೆ ಇರುವುದೇ ಅಲ್ಲಿ.

ಮೊದಲು ಯೂರಿಯಾ ನಿಲ್ಲಿಸಿ. ಅದರಲ್ಲಿ ನೂರಕ್ಕೆ 46 ಭಾಗ ಸಾರಜನಕ. ಭದ್ರಾ ನಾಲೆ ನೀರಿನ ಭತ್ತದ ಗದ್ದೆಗೆ ಅದು ಬೇಕು, ಒಂದು ಕುಂಡಕ್ಕೆ ಹಿಡಿ ಯೂರಿಯಾ ಅಂದರೆ ವಿಪರೀತ. ಗಿಡ ಸುಟ್ಟು ಹೋಗದೆ ಉಳಿದಿರುವುದು ನಿಮ್ಮ ಎರಡು ಹೊತ್ತಿನ ನೀರಿನ ಪುಣ್ಯ. ಸಾರಜನಕ ಜಾಸ್ತಿಯಾದರೆ ಗಿಡ ಎಲೆ ಬಿಡುವುದರಲ್ಲೇ ಮುಳುಗಿರುತ್ತದೆ.

ಇನ್ನು ಬಿಸಿಲು. ನಿಮ್ಮ ಬಾಲ್ಕನಿ ಯಾವ ಕಡೆಗಿದೆ ಎಂದು ಬರೆದಿಲ್ಲ. ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೀಳದಿದ್ದರೆ ಮಲ್ಲಿಗೆ ಹೂ ಬಿಡುವುದು ಅನುಮಾನ. ಅಷ್ಟು ಬಿಸಿಲಿಲ್ಲ ಎಂದಾದರೆ ಕುಂಡವನ್ನು ಮಾಳಿಗೆಗೆ ಸಾಗಿಸಿ. ಗ್ರಿಲ್‌ಗೆ ಸುತ್ತಿಕೊಂಡ ಬಳ್ಳಿ ಬಿಡಿಸೋದು ಹೇಗೆ ಅಂತ ಚಿಂತೆ ಬೇಡ, ಹೇಗೂ ಕತ್ತರಿಸಲೇಬೇಕು.

ಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಬಳ್ಳಿ ಎಷ್ಟು ಉದ್ದ ಇದ್ದರೂ ದಂಡ. ಅದಕ್ಕೇ ಮಲ್ಲಿಗೆ ಬೆಳೆಯುವ ರೈತರು ನವೆಂಬರ್ ಹೊತ್ತಿಗೆ ನೀರು ನಿಲ್ಲಿಸಿ ಗಿಡ ಬಾಡಿಸುತ್ತಾರೆ. ತಿಂಗಳ ಕೊನೆಗೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಉಳಿದದ್ದನ್ನು ಸವರಿ ಹಾಕುತ್ತಾರೆ. ಬರೀ ಕಡ್ಡಿ ನಿಂತಿರುತ್ತದೆ, ನೋಡಿದರೆ ಅಯ್ಯೋ ಅನಿಸುತ್ತದೆ. ಆಮೇಲೆ ಗೊಬ್ಬರ, ನೀರು. ಮಾರ್ಚ್‌ನಿಂದ ಹೂ ಶುರು. ನನ್ನ ಮೊದಲ ಮಲ್ಲಿಗೆ ಗಿಡಕ್ಕೆ ಕತ್ತರಿ ಹಾಕಲು ನನಗೂ ಕೈ ಬಂದಿರಲಿಲ್ಲ. ಪಕ್ಕದ ಮನೆ ಅಜ್ಜಿ ನಾನು ಊರಲ್ಲಿ ಇಲ್ಲದಾಗ ಕತ್ತರಿಸಿಬಿಟ್ಟಿದ್ದರು. ಜಗಳ ಆಡಿದೆ. ಬೇಸಿಗೆಯಲ್ಲಿ ಹೂವಿನ ಬುಟ್ಟಿ ಹಿಡಿದು ಅವರ ಮನೆಗೇ ಹೋಗಬೇಕಾಯಿತು!

ಈಗ ಮಾರ್ಚ್ ಬಂದಿದೆ, ಅಷ್ಟು ಗಿಡ್ಡ ಕತ್ತರಿಸಬೇಡಿ. ನಮ್ಮ ಬಿಸಿಲಿಗೆ ಕುಂಡದ ಗಿಡ ತಡೆಯಲಿಕ್ಕಿಲ್ಲ. ಪ್ರತಿ ಬಳ್ಳಿಯ ಮೂರನೇ ಒಂದು ಭಾಗ ತೆಗೆಯಿರಿ. ಒಣಗಿದ್ದು, ಪೆನ್ಸಿಲ್ಲಿಗಿಂತ ತೆಳ್ಳಗೆ ಹಬ್ಬಿ ಒಳಗೊಳಗೇ ಸಿಕ್ಕು ಹಾಕಿಕೊಂಡದ್ದು ಬುಡಕ್ಕೇ ಹೋಗಲಿ. ಉಳಿದ ಹಳೇ ಎಲೆಗಳನ್ನೂ ಕೈಯಿಂದ ಕಿತ್ತುಬಿಡಿ. ಕತ್ತರಿಸುವ ಮೊದಲು ಎರಡು ಮೂರು ದಿನ ನೀರು ಕೊಡಬೇಡಿ, ಎಲೆ ಸ್ವಲ್ಪ ಜೋತು ಬಿದ್ದರೆ ಸಾಕು, ಒಣಗಬಾರದು.

ಆಮೇಲೆ ಬುಡದ ಮಣ್ಣು ಕೆದಕಿ ಎರಡು ಹಿಡಿ ಹಳೇ ತಿಪ್ಪೆ ಗೊಬ್ಬರ ಕೊಡಿ. ಜೊತೆಗೆ ಶೇಂಗಾ ಹಿಂಡಿ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಇಷ್ಟು ಹತ್ತಿರ ಇರುವಾಗ ಆನ್‌ಲೈನ್‌ನಲ್ಲಿ ಪೊಟ್ಟಣ ತರಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ಒಂದು ಹಿಡಿ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಹಾಕಿ. ನಾರುತ್ತದೆ, ಮನೆಗೆ ನೆಂಟರು ಬರುವ ದಿನ ಬೇಡ. ನೀರು ಬೆಳಿಗ್ಗೆ ಒಂದು ಹೊತ್ತು, ತಳದ ತೂತಿನಿಂದ ಬಸಿಯುವಷ್ಟು. ಕಡು ಬೇಸಿಗೆಯಲ್ಲಿ ಮಾತ್ರ ಸಂಜೆಯೂ ಸ್ವಲ್ಪ.

ಕುಂಡದಲ್ಲಿ ಎರೆ ಮಣ್ಣಿದ್ದರೆ ಅಂಟಿಕೊಂಡು ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಮುಂದಿನ ಸಲ ಕೆಂಪು ಮಣ್ಣಿಗೆ ಸುಟ್ಟ ಭತ್ತದ ಹೊಟ್ಟು ಬೆರೆಸಿ. ಮಂಡಕ್ಕಿ ಭಟ್ಟಿಗಳಿರುವ ಊರಲ್ಲಿ ಅದಕ್ಕೇನು ಬರ? ಬರೀ ಹೊಟ್ಟು ಉರಿಸಿದ ಬೂದಿಯೇ ಹೌದಾ ಅಂತ ಕೇಳಿ ತನ್ನಿ. ಟೈರು, ಪ್ಲಾಸ್ಟಿಕ್ ಸುಟ್ಟದ್ದು ಬೇಡವೇ ಬೇಡ.

ಯುಗಾದಿಗೆ ಸಿಗುತ್ತಾ? ಸುಳ್ಳು ಹೇಳಲ್ಲ, ಸಿಗಲಿಕ್ಕಿಲ್ಲ. ಮೊಗ್ಗು ಬರಲು ಐದಾರು ವಾರ ಬೇಕು. ಈ ಯುಗಾದಿಗೆ ಬೇವಿನ ಹೂವೇ ಸಾಕು, ಅದನ್ನಂತೂ ಯಾರೂ ಸಾಕಬೇಕಿಲ್ಲ. ಮಲ್ಲಿಗೆ ಶುರುವಾದ ಮೇಲೆ ಸಂಜೆ ಐದರ ಹೊತ್ತಿಗೆ ಉಬ್ಬಿದ ಬಿಳಿ ಮೊಗ್ಗು ಬಿಡಿಸಿ ಒದ್ದೆ ಬಟ್ಟೆಯಲ್ಲಿಡಿ. ರಾತ್ರಿ ಊಟದ ಹೊತ್ತಿಗೆ ಅಡುಗೆಮನೆ ತುಂಬಾ ಅದೇ ಘಮ.

ಪ್ರಶ್ನೆ: ಚಿತ್ರದುರ್ಗದಲ್ಲಿದ್ದೇವೆ. ಬೋರ್‌ವೆಲ್ ನೀರು ಗಡಸು. ಗುಲಾಬಿ, ದಾಸವಾಳದ ಚಿಗುರೆಲೆ ಹಳದಿಯಾಗಿದೆ, ನರ ಮಾತ್ರ ಹಸಿರು. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆ. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರು ವ್ಯರ್ಥ ಆಗಬಾರದು ಅಂತ ಅದನ್ನೇ ಗಿಡಕ್ಕೆ ಹಾಕುತ್ತಿದ್ದೇನೆ. ಸರಿಯಾ?

ಉತ್ತರ: ಸರಿಯಲ್ಲ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ನೀರಲ್ಲೇ ಇರುತ್ತದೆ. ನೆಲ ಒರೆಸಿ, ಶೌಚಾಲಯಕ್ಕೆ ಹಾಕಿ.

ಹಳದಿ ಎಲೆ ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶ ಹೆಚ್ಚಾದಾಗ ಬೇರಿಗೆ ಅದು ಸಿಗುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಕೇಳಿ. ಲೀಟರ್ ನೀರಿಗೆ 5 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ತಿಂಗಳಿಗೊಮ್ಮೆ. ತಿಳಿ ಹಸಿರು ಹರಳು ಇದ್ದರೆ ಒಳ್ಳೆಯದು, ಕಂದು ಬಣ್ಣಕ್ಕೆ ತಿರುಗಿದ್ದು ಕೆಲಸಕ್ಕೆ ಬಾರದು. ಗೋಡೆ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಇನ್ನೂ ಇದೆ.

ನಿಜವಾದ ಮದ್ದು ಮಳೆ ನೀರು. ನಿಮ್ಮ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕೇ? ಕೋಟೆ ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡದಿಂದ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಸಂತೆಹೊಂಡದವರೆಗೆ ಇಳಿಸಿಕೊಂಡ ಊರು ಅದು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರು. ಪೈಪಿನ ಬಾಯಿಗೆ ಒಂದು ಡ್ರಮ್ ಇಟ್ಟರೂ ನಾಲ್ಕು ಕುಂಡಕ್ಕೆ ಎಷ್ಟೋ ದಿನ ಬರುತ್ತದೆ. ಮಳೆ ಬರುವಾಗ ಕುಂಡಗಳನ್ನೂ ಹೊರಗಿಡಿ, ಕಟ್ಟಿದ ಉಪ್ಪು ತೊಳೆದು ಹೋಗುತ್ತದೆ.

ಪ್ರಶ್ನೆ: ಸಂಕ್ರಾಂತಿಗೆ ಕುಂಡ ತುಂಬಾ ಹೂವಿದ್ದ ಸೇವಂತಿಗೆ ತಂದೆ. ಈಗ ಹೂ ಬಿಡ್ತಾನೇ ಇಲ್ಲ. (ಹರಿಹರ)

ಉತ್ತರ: ಬಿಡುವುದಿಲ್ಲ, ಬಿಡಿ. ಸೇವಂತಿಗೆ ಹೂ ಬಿಡಲು ರಾತ್ರಿ ಉದ್ದ ಇರಬೇಕು, ಈಗ ಹಗಲು ಉದ್ದವಾಗುತ್ತಿದೆ. ಒಣ ಹೂ ಕತ್ತರಿಸಿ, ಬುಡದಲ್ಲಿ ಬಂದ ಮರಿಗಳನ್ನು ಬೇರೆ ಮಾಡಿ ನೆಡಿ. ಬೀದಿ ದೀಪದ ಕೆಳಗೆ ಮಾತ್ರ ಇಡಬೇಡಿ, ಬೆಳಕು ಬಿದ್ದರೆ ಅದಕ್ಕೆ ರಾತ್ರಿಯೇ ಆಗುವುದಿಲ್ಲ.

ಪ್ರಶ್ನೆ: ಹೋದ ವರ್ಷ ಫುಟ್‌ಬಾಲ್ ಲಿಲ್ಲಿ ಗಡ್ಡೆ ನೆಟ್ಟಿದ್ದೆ. ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿತು. ಈಗ ಬರೀ ಮಣ್ಣು. ನಮ್ಮತ್ತೆ ಎಸೆದು ಕೊತ್ತಂಬರಿ ಹಾಕು ಅಂತಾರೆ. (ಹೊಳಲ್ಕೆರೆ)

ಉತ್ತರ: ಅತ್ತೆಯವರಿಗೆ ಬೇರೆ ಕುಂಡ ಕೊಡಿ. ಗಡ್ಡೆ ಮಲಗಿದೆ, ಸತ್ತಿಲ್ಲ. ಈಗ ನೀರು ಹಾಕುತ್ತಾ ಹೋದರೆ ಕೊಳೆಯುತ್ತದೆ. ಭರಣಿ ಮಳೆಯ (ಏಪ್ರಿಲ್ ಕೊನೆ, ಮೇ ಮೊದಲು) ಆಸುಪಾಸಿಗೆ ಮಣ್ಣಿನಿಂದ ಒಂದು ದಪ್ಪ ಮೂತಿ ಹೊರಗೆ ಬರುತ್ತದೆ. ಆಗ ನೀರು ಶುರು ಮಾಡಿ. ಹೂ ಮೊದಲು, ಎಲೆ ಆಮೇಲೆ. ಆ ಎಲೆಯನ್ನು ತಾನಾಗಿ ಒಣಗುವವರೆಗೆ ಕೀಳಬೇಡಿ, ಮುಂದಿನ ವರ್ಷದ ಹೂ ಅದರ ದುಡಿಮೆ. ಕೆಂಪು ಚೆಂಡು ಅರಳಿದ ಮೇಲೆ ಇರುವುದು ಹೆಚ್ಚೂಕಡಿಮೆ ಒಂದು ವಾರ. ಆ ವಾರ ತವರಿಗೆ ಹೋಗಬೇಡಿ.