ತಂದೆ-ತಾಯಿ ನಾಯಿಗೆ ಏನೂ ಇಲ್ಲ, ಮರಿಗಳಿಗೆ ಮಾತ್ರ ಗುಳ್ಳೆ: ಇದು ವಂಶದ ರೋಗವೇ?

ನಿಮ್ಮ ಪ್ರಶ್ನೆ: ಕಲಬುರಗಿಯ ನಿಮ್ಮ ಮನೆಯ ಗೋಲ್ಡನ್ ರಿಟ್ರೀವರ್ 7 ಮರಿ ಹಾಕಿದೆ. ಎರಡು ಮರಿಗಳಿಗೆ ಮೂರನೇ ವಾರದಿಂದ ಅಂಗಾಲು, ವಸಡು, ಕಿವಿ ತುದಿಯಲ್ಲಿ ನೀರ್ಗುಳ್ಳೆ ಎದ್ದು ಚರ್ಮ ಸುಲಿಯುತ್ತಿದೆ. ತಂದೆ-ತಾಯಿ ಎರಡೂ ಗಟ್ಟಿಮುಟ್ಟಾಗಿವೆ. ಅದೇ ಗಂಡಿಗೆ ಮತ್ತೆ ಕ್ರಾಸ್ ಮಾಡಿಸಬಹುದೇ?

ಮಾಡಿಸಬೇಡ್ರಿ, ಕಾರಣ ತಿಳಿಯುವ ತನಕವಂತೂ ಬೇಡವೇ ಬೇಡ. ಇದು ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ, ವಂಶದಲ್ಲಿ ಬರುವ ಚರ್ಮರೋಗ ಇರಬಹುದು. ತಂದೆ-ತಾಯಿ ಚೆನ್ನಾಗಿರುವುದು ಈ ರೋಗದಲ್ಲಿ ಸಾಮಾನ್ಯ.

ಮೊದಲು ಸುಟ್ಟ ಗಾಯವಲ್ಲ ಎಂದು ಖಚಿತ ಮಾಡಿಕೊಳ್ಳಿ. ನಮ್ಮ ಕಡೆ ಮೇ ತಿಂಗಳ ಬಿಸಿಲಿಗೆ ಕಾದ ಶಹಾಬಾದ್ ಫರ್ಸಿಯ ಮೇಲೆ ಓಡಾಡಿದರೆ ದೊಡ್ಡ ನಾಯಿಯ ಅಂಗಾಲೂ ಗುಳ್ಳೆ ಏಳುತ್ತದೆ. ಆದರೆ ಆಗ ವಸಡಿನಲ್ಲಿ ಏಳುವುದಿಲ್ಲ. ನೆರಳಲ್ಲೇ ಇರುವ ಎಳೆ ಮರಿಗೆ, ಅದೂ ಬಾಯಿ, ಕಿವಿ, ಅಂಗಾಲಿಗೆ ಒಟ್ಟಿಗೇ ಬಂದಿದೆ ಎಂದರೆ ಈ ಹುಟ್ಟುರೋಗವನ್ನೇ ಅನುಮಾನಿಸಬೇಕು.

ಚರ್ಮದ ಮೇಲ್ಪದರವನ್ನು ಒಳಪದರಕ್ಕೆ ಬಿಗಿಯುವ ಪ್ರೋಟೀನ್‌ಗಳಲ್ಲಿ ಒಂದು ಕೆಟ್ಟರೂ ಸಾಕು, ಸ್ವಲ್ಪ ಉಜ್ಜಿದರೂ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಯಾವ ಪ್ರೋಟೀನ್ ಎನ್ನುವುದರ ಮೇಲೆ ರೋಗದ ಬಗೆ ನಿಂತಿದೆ. ಮೇಲ್ಪದರದ ಜೀವಕೋಶವೇ ಒಡೆದರೆ ಸಿಂಪ್ಲೆಕ್ಸ್ ಎಂಬ ಬಗೆ. ಯುರೇಸಿಯರ್ ತಳಿಯಲ್ಲಿ ಪ್ಲೆಕ್ಟಿನ್ ಜೀನ್ ಇದಕ್ಕೆ ಕಾರಣ. ಪದರಗಳು ಕೂಡುವ ಜಾಗದ ಲ್ಯಾಮಿನಿನ್ 332 ಕೆಟ್ಟರೆ ಜಂಕ್ಷನಲ್. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್‌ನಲ್ಲಿ ಇದು ಎಲ್‌ಎಎಂಎ3 ಜೀನ್‌ನ ದೋಷ. ಇನ್ನೂ ಕೆಳಗೆ ಕೊಲಾಜನ್ 7 ಕೆಟ್ಟರೆ ಡಿಸ್ಟ್ರೋಫಿಕ್, ಗಾಯ ಮಾಯ್ದರೂ ಕಲೆ ಉಳಿಯುತ್ತದೆ. ಗೋಲ್ಡನ್ ರಿಟ್ರೀವರ್‌ನಲ್ಲಿ ಗುರುತಿಸಿರುವುದು ಇದನ್ನೇ: ಕೊಲಾಜನ್ 7 ತಯಾರಿಸುವ ಸಿಒಎಲ್7ಎ1 ಜೀನ್‌ನಲ್ಲಿ ಒಂದಕ್ಷರ ಬದಲಾಗಿ, ಪ್ರೋಟೀನಿನಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಸೆರಿನ್ ಎಂಬ ಬೇರೊಂದು ಬಂದು ಕೂತಿದೆ. ಪ್ರೋಟೀನ್ ತಯಾರಾಗುತ್ತದೆ, ಬಲ ಸಾಲದು. ಹಾಗಾಗಿ ರೋಗ ಸೌಮ್ಯ. ಸೆಂಟ್ರಲ್ ಏಷಿಯನ್ ಶೆಫರ್ಡ್‌ನಲ್ಲಿ ಅದೇ ಜೀನ್‌ನ ದೋಷ ಪ್ರೋಟೀನನ್ನೇ ಅರ್ಧಕ್ಕೆ ಕಡಿಯುವುದರಿಂದ ರೋಗ ಉಗ್ರ.

ಇಲ್ಲಿ ಹೇಳಿದವೆಲ್ಲ ರಿಸೆಸಿವ್ ದೋಷಗಳು. ಜೀನ್‌ನ ಎರಡು ಪ್ರತಿಗಳಲ್ಲಿ ಒಂದೇ ಕೆಟ್ಟಿದ್ದರೆ ನಾಯಿಗೆ ಏನೂ ಆಗದು, ಆದರೆ ಅದು ವಾಹಕ. ಎರಡು ವಾಹಕಗಳು ಕೂಡಿದರೆ ಪ್ರತಿ ಮರಿಗೂ ರೋಗ ಬರುವ ಸಾಧ್ಯತೆ ಶೇ 25, ವಾಹಕವಾಗುವುದು ಶೇ 50. ನಿಮ್ಮ ಚೆನ್ನಾಗಿರುವ 5 ಮರಿಗಳಲ್ಲಿ ಪ್ರತಿಯೊಂದೂ ವಾಹಕವಾಗಿರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. "ಹೋದ ಸಲ ಎಲ್ಲ ಮರಿ ಚೆನ್ನಾಗಿದ್ವು" ಎಂಬ ಮಾತು ನಂಬಬೇಡಿ: ವಾಹಕ ಜೋಡಿಯ 7 ಮರಿಗಳ ಸೂಲಿನಲ್ಲೂ ಒಂದೂ ರೋಗದ ಮರಿ ಹುಟ್ಟದಿರುವ ಸಾಧ್ಯತೆ ಸುಮಾರು ಶೇ 13 ಇದೆ.

ಪರೀಕ್ಷೆ ಎಂದರೆ ಮೊದಲು ಬಯಾಪ್ಸಿ, ಅಂದರೆ ಚರ್ಮದ ತುಣುಕು ತೆಗೆದು ನೋಡುವುದು. ಇದರಲ್ಲೇ ಹೆಚ್ಚು ಎಡವಟ್ಟಾಗುವುದು. ಸುಲಿದ ಹುಣ್ಣಿನಿಂದ ತುಣುಕು ತೆಗೆದರೆ ಅದರಲ್ಲಿ ಮೇಲ್ಪದರವೇ ಇರುವುದಿಲ್ಲ, ಎಲ್ಲಿ ಬಿಟ್ಟುಕೊಂಡಿದೆ ಎಂದು ಯಾರೂ ಹೇಳಲಾರರು. ಹೊಸ ಗುಳ್ಳೆಯ ಅಂಚು, ಪಕ್ಕದ ಚೆನ್ನಾಗಿರುವ ಚರ್ಮವೂ ಸೇರಿ ಬರಬೇಕು. ತುಣುಕಿನ ಗಾತ್ರದ ಹತ್ತುಪಟ್ಟು 10% ಫಾರ್ಮಲಿನ್‌ನಲ್ಲಿ (ತುಣುಕು ಕೆಡದಂತೆ ಇಡುವ ದ್ರಾವಣ) ಹಾಕಬೇಕು. ಪದರಗಳು ಕೂಡುವ ಜಾಗದಲ್ಲಿರುವ ಕೊಲಾಜನ್ 4 ಎಂಬ ಪ್ರೋಟೀನಿಗೆ ಲ್ಯಾಬಿನಲ್ಲಿ ಬಣ್ಣ ಹಚ್ಚುತ್ತಾರೆ. ಆ ಬಣ್ಣ ಗುಳ್ಳೆಯ ತಳದಲ್ಲಿ ಕಂಡರೆ ಸಿಂಪ್ಲೆಕ್ಸ್ ಅಥವಾ ಜಂಕ್ಷನಲ್, ಮೇಲ್ಚಾವಣಿಯಲ್ಲಿ ಕಂಡರೆ ಡಿಸ್ಟ್ರೋಫಿಕ್. ಬೀದರ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಮರಿ ಸತ್ತರೆ ಫ್ರೀಜರ್‌ನಲ್ಲಿಡಬೇಡಿ, ಮಂಜುಗಟ್ಟಿದರೆ ಚರ್ಮದ ಪದರ ಹಾಳಾಗುತ್ತದೆ. 4 ಡಿಗ್ರಿಯಲ್ಲಿಟ್ಟು ಬೇಗ ಒಯ್ಯಿರಿ.

ಡಿಎನ್‌ಎಗೆ ಕೆನ್ನೆಯ ಸ್ವಾಬ್ ಬೇಡ, ಈ ಮರಿಗಳ ಬಾಯೊಳಗಿನ ಚರ್ಮ ಕಿತ್ತು ಬರುತ್ತದೆ. ಇಡಿಟಿಎ ಟ್ಯೂಬಿನಲ್ಲಿ (ರಕ್ತ ಹೆಪ್ಪುಗಟ್ಟದಂತೆ ಇಡುವ ಟ್ಯೂಬು) ರಕ್ತ ಕೊಡಿ, ತಂದೆ-ತಾಯಿಯದ್ದೂ. ಒಂದು ತಳಿಯ ಟೆಸ್ಟ್ ಆ ತಳಿಯಲ್ಲಿ ಗೊತ್ತಿರುವ ದೋಷವನ್ನಷ್ಟೇ ಹುಡುಕುತ್ತದೆ, ನೆಗೆಟಿವ್ ಬಂದ ಮಾತ್ರಕ್ಕೆ ರೋಗವಿಲ್ಲ ಎಂದಲ್ಲ.

ಅಲ್ಲಿಯವರೆಗೆ ಹಳೆಯ ಮೆತ್ತನೆ ಧೋತರ ಹಾಸಿ. ಕತ್ತು ಹಿಡಿದು ಎತ್ತದೆ, ಕೆಳಗಿಂದ ಎರಡೂ ಅಂಗೈ ಕೊಟ್ಟು ಎತ್ತಿ. ಅಂಟುಪಟ್ಟಿ ಹಚ್ಚಬೇಡಿ, ಕೀಳುವಾಗ ಚರ್ಮವೂ ಬರುತ್ತದೆ. ಸಲೈನ್‌ನಿಂದ ತೊಳೆದು ಪ್ಯಾರಾಫಿನ್ ಗಾಜ್ (ಗಾಯಕ್ಕೆ ಅಂಟದ ಜಿಡ್ಡಿನ ಬಟ್ಟೆ) ಇಟ್ಟು ಸಡಿಲವಾಗಿ ಸುತ್ತಿ. ಎಲುಬು, ಒಣ ರೊಟ್ಟಿ ಬೇಡ, ನೆನೆಸಿದ ಮೆತ್ತನೆ ಆಹಾರವೇ ಸಾಕು. ಬಯಾಪ್ಸಿಗೆ ಮುಂಚೆ ಯಾರಾದರೂ ಸ್ಟಿರಾಯ್ಡ್ ಬರೆದರೆ ಯಾಕೆ ಎಂದು ಕೇಳಿ. ಜೀನ್ ದೋಷವನ್ನು ಅದು ಸರಿಮಾಡುವುದಿಲ್ಲ, ಗಾಯ ಮಾಯುವುದನ್ನು ಮಾತ್ರ ತಡಮಾಡುತ್ತದೆ.

ಗಂಡು ನಾಯಿಯ ಮಾಲೀಕರಿಗೂ ಇವತ್ತೇ ತಿಳಿಸಿ. ಒಂದೇ ಗಂಡನ್ನು ಹಲವು ಮನೆಗಳಿಗೆ ಒಯ್ಯುತ್ತಾರೆ, ಆ ಹೆಣ್ಣುಗಳಲ್ಲಿ ಕೆಲವು ಅದರ ಮಗಳೋ ತಂಗಿಯೋ ಆಗಿರಬಹುದು. ಚೆನ್ನಾಗಿರುವ ಮರಿಗಳನ್ನು ಕೊಡುವಾಗ, ಡಿಎನ್‌ಎ ಫಲಿತಾಂಶ ಬರುವ ತನಕ ಇದನ್ನು ಕ್ರಾಸ್ ಮಾಡಿಸಬೇಡಿ ಎಂದು ಬರೆದೇ ಕೊಡಿ.